ಬೋರ್ಡು ಹೋಗಿದೆಯಂತೆ!

ನಮ್ಮ ವೇಮಗಲ್ಲಿನಲ್ಲಿ ಈಗ ಏನು ಕೆಟ್ಟರೂ ತೀರ್ಪು ಒಂದೇ: "ಬೋರ್ಡು ಹೋಗಿದೆ." ಬೋರಿನ ಮೋಟರು ಓಡಲಿಲ್ಲವೋ, ಬೋರ್ಡು ಹೋಗಿದೆ. ಟಿ.ವಿ. ಹತ್ತಲಿಲ್ಲವೋ, ಬೋರ್ಡು ಹೋಗಿದೆ. ಯು.ಪಿ.ಎಸ್. ಕೀಂಯ್ ಅಂದರೂ ಬೋರ್ಡು, ಅನ್ನದಿದ್ದರೂ ಬೋರ್ಡು. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಮೆಷೀನು ಒಂದು ದಿನ ಎಲ್ಲರ ಹಾಲಿಗೂ ಒಂದೇ ಲೆಕ್ಕ ತೋರಿಸಿತೆಂದರೆ ಅದಕ್ಕೂ ಬೋರ್ಡೇ ಹೋಗಿರುತ್ತದೆ.

ಹಿಂದೆ "ಕಾಯಿಲ್ ಸುಟ್ಟೈತೆ" ಅನ್ನುತ್ತಿದ್ದರು. ಅದರಲ್ಲಿ ಒಂದು ಮರ್ಯಾದೆ ಇತ್ತು. ಏನು ಸುಟ್ಟಿದೆ ಅನ್ನುವುದು ಗೊತ್ತಾಗುತ್ತಿತ್ತು, ವಾಸನೆಯೂ ಬರುತ್ತಿತ್ತು, ಮೋಟರನ್ನು ರೀವೈಂಡಿಂಗ್ ಅಂಗಡಿಗೆ ಹಾಕಿದರೆ ಕಾಯಿಲ್ ಕಟ್ಟಿ ಕೊಡುತ್ತಿದ್ದರು. ಬೋರ್ಡು ಅಂದ ಕೂಡಲೇ ಮಾತು ನಿಂತುಬಿಡುತ್ತದೆ. ಕೇಳಿದವನು ಮುಂದಕ್ಕೆ ಕೇಳುವುದಿಲ್ಲ, ಹೇಳಿದವನು ಮುಂದಕ್ಕೆ ಹೇಳುವುದಿಲ್ಲ. ಹಲ್ಲು ನೋವೆಂದು ಡಾಕ್ಟರ ಹತ್ತಿರ ಹೋದವನಿಗೆ "ಮನುಷ್ಯ ಹೋಗಿದ್ದಾನೆ, ಬೇರೆಯವನನ್ನು ತನ್ನಿ" ಅಂದರೆ ಹೇಗಿರುತ್ತದೋ ಹಾಗೆ. ಆ ಹಸಿರು ಹಲಗೆಯ ಮೇಲೆ ನೂರಾರು ಪಾರ್ಟುಗಳಿರುತ್ತವೆ. ಸತ್ತಿರುವುದು ಅದರಲ್ಲಿ ಒಂದೋ ಎರಡೋ. ಉಳಿದವೆಲ್ಲ ಕಲ್ಲುಗುಂಡು.

ಇಷ್ಟು ಮಾತು ಬಂದಿದ್ದು ಪಕ್ಕದ ಮನೆಯ ಅಣ್ಣನಿಂದ. ನಮ್ಮಿಬ್ಬರ ಹಿತ್ತಿಲ ನಡುವೆ ಇರುವುದು ಕಲ್ಲುಕಂಬದ ಬೇಲಿ. ಕಂಬ ನಿಂತಿದೆ, ತಂತಿ ಎಂದೋ ಜೋತುಬಿದ್ದಿದೆ. ನಾನು ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವನು. ಬೆಸುಗೆ ಹಾಕುವ ಚಟ ಮಾತ್ರ ರಿಟೈರಾಗಿಲ್ಲ. ಅಣ್ಣನಿಗೆ ಟೊಮೆಟೊ ಒಂದಿಷ್ಟು, ಹಿಪ್ಪುನೇರಳೆ ಒಂದಿಷ್ಟು, ಇವೆರಡಕ್ಕೂ ನೀರು ಕೊಡುವ ಬೋರು ಒಂದು.

"ಮೇಷ್ಟ್ರೇ, ಬೋರ್ಡು ಹೋಯ್ತಂತೆ" ಅಂದ ಅಣ್ಣ, ಕಂಬಕ್ಕೆ ಮೊಣಕೈ ಊರಿ.

"ಯಾರಂದ್ರು?"

"ಮೆಕ್ಯಾನಿಕ್ಕು. ಸ್ಟಾರ್ಟರ್ ಒಳಗಿನ ಬೋರ್ಡಂತೆ. ಹೊಸಾದು ಆಕ್ಸಬೇಕಂತೆ. ಪೈಪ್ ಎತ್ತೋ ಹುಡುಗ್ರು ಬೇರೆ ಮಾತು ಯೋಳ್ತವ್ರೆ. ಬೋರ್ಡೂ ಇಲ್ಲ ಏನೂ ಇಲ್ಲ, ನೀರು ಕೆಳೀಕ್ ಹೋಗೈತೆ, ಮೋಟ್ರು ಎತ್ತಿ ಇನ್ನೊಂದೆರಡು ಲೆಂತ್ ಇಳಿಸ್ಬೇಕು ಅಂತ. ನೀರು ತೋರ್ಸೋನ ಕೇಳಿದ್ರೆ ಆ ಪಾಯಿಂಟೇ ಸರಿಯಿಲ್ಲ, ಬೇರೆ ಕೊರ್ಸು ಅಂತಾನೆ. ನಮ್ಮಮ್ಮ ದೃಷ್ಟಿ ಅಂತಾಳೆ."

ನಾಲ್ಕು ತೀರ್ಪಿನಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅಮ್ಮನದು. ಒಂದು ನಿಂಬೆಹಣ್ಣು, ನಾಲ್ಕು ಒಣಮೆಣಸಿನಕಾಯಿಯಲ್ಲಿ ಮುಗಿಯುತ್ತದೆ. ಉಳಿದ ಮೂರೂ ಸಾವಿರ, ಹತ್ತಾರು ಸಾವಿರ, ಲಕ್ಷದ ಮಾತು. ನಮ್ಮ ಕಡೆ ಬೋರು ಸಾವಿರ ಅಡಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಷ್ಟು ಆಳದಿಂದ ಮೋಟರು ಎತ್ತಿ ಇಳಿಸುವುದೆಂದರೆ ಅದೊಂದು ಸಣ್ಣ ಜಾತ್ರೆ: ಗಾಡಿ, ಗ್ಯಾಂಗು, ಅವರಿಗೆ ಊಟ. 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಶುದ್ಧಮಾಡಿ ಬಿಟ್ಟ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದು, 126 ಕೆರೆ ತುಂಬಿಸುತ್ತೇವೆಂದು ಹೇಳಿದ ಮೇಲೂ ನಮ್ಮ ಜನಕ್ಕೆ ಬೋರಿನ ಭಯ ಹೋಗಿಲ್ಲ. "ನೀರು ಹೋಯ್ತು" ಅಂದರೆ ಕೋಲಾರ ಜಿಲ್ಲೆಯವನು ತಕ್ಷಣ ನಂಬುತ್ತಾನೆ. ಅಷ್ಟು ಸಲ ನಿಜವಾಗಿದೆ ಅದು.

"ಅಣ್ಣಾ, ಸ್ಟಾರ್ಟರಲ್ಲಿ ಯಾವ ಲೈಟ್ ಹತ್ತುತ್ತೆ?"

"ಡ್ರೈ ರನ್ ಅಂತ ಒಂದು ಕೆಂಪು ಲೈಟು."

"ಅದು ಹತ್ತೋಕೆ ಮುಂಚೆ ಪೈಪಲ್ಲಿ ನೀರು ಬಂತಾ?"

"ಬಂತಲ್ಲ, ಪೈಪ್ ತುಂಬಾ ಬಂತು. ಬಂದಂಗೆ ಬಂದು ಟಕ್ ಅಂತ ನಿಂತೋಯ್ತು."

"ಆಂಪ್ಸ್ ಮೀಟರ್ ಮುಳ್ಳು?"

"ಅದು ದಿನಾ ನಿಲ್ಲೋ ಜಾಗಕ್ಕೇ ಬಂದಿತ್ತು ಮೇಷ್ಟ್ರೇ."

ಇಷ್ಟು ಸಾಕಿತ್ತು. ಬೋರಿನಲ್ಲಿ ನೀರಿಲ್ಲದಾಗ ಮೋಟರಿಗೆ ಎತ್ತುವ ಭಾರ ಇರುವುದಿಲ್ಲ, ಅದು ಎಳೆಯುವ ಕರೆಂಟು ಇಳಿಯುತ್ತದೆ. ಹಾಗೆ ಇಳಿದಿದ್ದನ್ನು ನೋಡಿ ಸ್ಟಾರ್ಟರಿನ ಬೋರ್ಡು "ನೀರು ಮುಗಿಯಿತು" ಎಂದು ತಿಳಿದು ಮೋಟರು ನಿಲ್ಲಿಸುತ್ತದೆ. ಮೋಟರು ಸುಡದಿರಲಿ ಅಂತ ಇರುವ ಏರ್ಪಾಡು ಅದು, ಒಳ್ಳೆಯದೇ. ಆದರೆ ಇಲ್ಲಿ ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳುತ್ತಿದ್ದಾರೆ. ಮೀಟರಿನ ಮುಳ್ಳು ಕರೆಂಟು ಸರಿಯಾಗಿದೆ ಅನ್ನುತ್ತದೆ, ಬೋರ್ಡು ಇಲ್ಲವೇ ಇಲ್ಲ ಅನ್ನುತ್ತದೆ. ಪೈಪಿನಲ್ಲಿ ಬಂದ ನೀರು ಮುಳ್ಳಿನ ಕಡೆ ಸಾಕ್ಷಿ ಹೇಳಿತು. ಹಾಗಾದರೆ ಬೋರು ಸರಿ, ಮೋಟರು ಸರಿ. ಬೋರ್ಡಿಗೆ ಕರೆಂಟಿನ ಲೆಕ್ಕ ಮುಟ್ಟಿಸುವವನು ಎಲ್ಲೋ ಕೈಕೊಟ್ಟಿದ್ದಾನೆ.

ಮೇನ್ ಇಳಿಸಿ, ಮೂರು ಫೇಸೂ ಹೋಗಿದೆಯೆಂದು ಟೆಸ್ಟರಿನಲ್ಲಿ ನೋಡಿ, ಆಮೇಲೆ ಬೋರ್ಡು ಬಿಚ್ಚಿಸಿ ತಂದೆವು. ಫೇಸಿಂದ ಫೇಸಿಗೆ 415 ವೋಲ್ಟ್ ಇರುವ ಜಾಗದಲ್ಲಿ ಶೌರ್ಯ ತೋರಿಸುವುದು ಬೇಡ.

ಬೋರ್ಡು ನೋಡುವುದಕ್ಕೆ ಮೊದಲು ಬೇಕಾದ್ದು ಮೀಟರಲ್ಲ, ಕಣ್ಣು ಮತ್ತು ಮೂಗು. ಕಂಡೆನ್ಸರಿನ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅದರ ಕಾಲ ಮುಗಿದಿದೆ. ರೆಸಿಸ್ಟರು ಕಪ್ಪಗಾಗಿದ್ದರೆ ಸುಟ್ಟಿದೆ, ಆದರೆ ಅದನ್ನು ಸುಟ್ಟವನು ಮುಂದೆ ಎಲ್ಲೋ ಶಾರ್ಟ್ ಆಗಿ ಕೂತಿರುತ್ತಾನೆ. ಕರೆಂಟು ಒಳಗೆ ಬರುವ ಬಾಗಿಲಲ್ಲಿ ನಾಣ್ಯದಷ್ಟು ದೊಡ್ಡ ನೀಲಿ ಬಿಲ್ಲೆಯೊಂದು ನಿಂತಿರುತ್ತದೆ, ವೇರಿಸ್ಟರ್ ಅಂತ. ಸೀತಿ ಬೆಟ್ಟದ ಕಡೆ ಸಿಡಿಲು ಹೊಡೆದು ಲೈನಿನಲ್ಲಿ ವೋಲ್ಟೇಜು ನುಗ್ಗಿದಾಗ ಅದನ್ನು ತಾನು ಕುಡಿದು ಒಡೆದುಹೋಗುವುದೇ ಅದರ ಕೆಲಸ. ಅದು ಒಡೆದು, ಪಕ್ಕದ ಫ್ಯೂಸೂ ಹೋಗಿದ್ದರೆ ಹೆದರಬೇಡಿ. ಕಾವಲುಗಾರರು ಸತ್ತಿದ್ದಾರೆ, ಮನೆ ಉಳಿದಿದೆ. ಎರಡನ್ನೂ ಬದಲಾಯಿಸಿದರೆ ಹೆಚ್ಚಿನ ಸಲ ಬೋರ್ಡು ಎದ್ದು ಕೂರುತ್ತದೆ.

ಅಣ್ಣನ ಬೋರ್ಡಿನಲ್ಲಿ ಇದ್ಯಾವುದೂ ಇರಲಿಲ್ಲ. ಮೇಲಿಂದ ನೋಡಿದರೆ ಅಂಗಡಿಯಿಂದ ಆಗಷ್ಟೇ ತಂದಿದ್ದು ಅನ್ನಬೇಕು. ತಿರುಗಿಸಿ, ಬೆಸುಗೆಯ ಕಡೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ಸಿ.ಟಿ. ಕಾಯಿಲಿನ ಒಂದು ಕಾಲಿನ ಸುತ್ತ ಕೂದಲಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಪೂರ್ತಿ ದುಂಡಗೆ. ಬೆಸುಗೆ ಹಲಗೆಗೆ ಅಂಟಿಕೊಂಡೇ ಇದೆ, ಕಾಯಿಲಿನ ಕಾಲು ಮಾತ್ರ ಅದರ ನಡುವೆ ಬಿಡಿಯಾಗಿ ನಿಂತಿದೆ. ರಿಪೇರಿಯವರು ಇದಕ್ಕೆ ಡ್ರೈ ಸೋಲ್ಡರ್ ಅನ್ನುತ್ತಾರೆ. ಮೋಟರಿನ ತಂತಿ ಹಾದುಹೋಗುವುದು ಆ ಸಿ.ಟಿ. ಕಾಯಿಲಿನ ನಡುವೆಯೇ. ಎಷ್ಟು ಕರೆಂಟು ಹರಿಯುತ್ತಿದೆ ಅಂತ ಬೋರ್ಡಿಗೆ ಚಾಡಿ ಹೇಳುವವನು ಅವನೇ. ಅವನ ಕಾಲು ಬಿಟ್ಟರೆ ಬೋರ್ಡಿಗೆ ಸುದ್ದಿ ಮುಟ್ಟುವುದಿಲ್ಲ. ಸುದ್ದಿ ಇಲ್ಲ ಅಂದರೆ ಕರೆಂಟು ಸೊನ್ನೆ, ಕರೆಂಟು ಸೊನ್ನೆ ಅಂದರೆ ನೀರಿಲ್ಲ, ನೀರಿಲ್ಲ ಅಂದರೆ ಡ್ರೈ ರನ್.

ಮಲ್ಟಿಮೀಟರನ್ನು ಬೀಪ್ ಶಬ್ದ ಬರುವ ಜಾಗಕ್ಕೆ ತಿರುಗಿಸಿ, ಅದರ ಒಂದು ಕಡ್ಡಿ ಕಾಯಿಲಿನ ಕಾಲಿಗೆ, ಇನ್ನೊಂದು ತಾಮ್ರದ ಗೆರೆಗೆ ಇಟ್ಟು ಕಾಯಿಲನ್ನು ಬೆರಳಲ್ಲಿ ಮೆಲ್ಲಗೆ ಅಲುಗಾಡಿಸಿದೆ. ಬೀಪ್. ಸುಮ್ಮನೆ. ಬೀಪ್. ಸುಮ್ಮನೆ.

"ಕೇಳಿದ್ಯಾ ಅಣ್ಣಾ? ನಿನ್ ಬೋರಿನ ನೀರು ಹೋಗಿರೋದು ಇಲ್ಲೇ."

"ಇಷ್ಟೇನಾ? ಇಷ್ಟಕ್ಕಾ ಮೋಟ್ರು ಎತ್ತೋರು?"

ಹಳೇ ಬೆಸುಗೆ ಎಳೆದು, ಕಾಲನ್ನು ಬ್ಲೇಡಿನಲ್ಲಿ ಕೆರೆದು, ಒಂದು ಚೂರು ಫ್ಲಕ್ಸ್ ಹಚ್ಚಿ ಹೊಸ ಬೆಸುಗೆ ಹಾಕಿದ್ದಾಯಿತು. ಹೊಗೆ ಆರುವುದರೊಳಗೆ ಕೆಲಸ ಮುಗಿದಿತ್ತು. ಇಷ್ಟಕ್ಕೆ ನಿಲ್ಲಿಸಿದ್ದರೆ ಆರು ತಿಂಗಳಿಗೆ ಬೋರ್ಡು ಮತ್ತೆ ಬರುತ್ತಿತ್ತು. ರಿಪೇರಿಯ ಅರ್ಧ ಕೆಲಸ ಸತ್ತವನನ್ನು ಹುಡುಕುವುದು. ಮಿಕ್ಕರ್ಧ, ಕೊಂದವನನ್ನು ಹುಡುಕುವುದು. ಊರಲ್ಲಿ ಬಹಳ ಜನ ಮೊದಲರ್ಧಕ್ಕೇ ದುಡ್ಡು ತಗೊಂಡು ಗಾಡಿ ಹತ್ತುತ್ತಾರೆ.

"ಅಣ್ಣಾ, ಸ್ಟಾರ್ಟರು ಎಳ್ಕೊಳ್ಳೋವಾಗ ಶಬ್ದ ಯಂಗೆ ಬತ್ತದೆ?"

"ಈಗೊಂದ್ ತಿಂಗ್ಳಿಂದ ಟರ್ರ್‌ರ್ ಅಂತೈತೆ. ಮೊದ್ಲು ದಬ್ ಅಂತ ಒಂದೇ ಸಲಕ್ಕೆ ಎಳ್ಕೋತಿತ್ತು."

ಕೊಲೆಗಾರ ಸಿಕ್ಕಿದ. ಸ್ಟಾರ್ಟರಿನ ಕಾಂಟ್ಯಾಕ್ಟರು ಒಂದು ಮ್ಯಾಗ್ನೆಟ್ಟು. ಕಾಯಿಲಿಗೆ ಸರಿಯಾದ ವೋಲ್ಟೇಜು ಬಂದರೆ ದಬ್ಬೆಂದು ಎಳೆದು ಹಿಡಿದುಕೊಳ್ಳುತ್ತದೆ. ವೋಲ್ಟೇಜು ಕಮ್ಮಿಯಾದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಟರ್‌ಗುಟ್ಟುತ್ತದೆ. ಅದನ್ನು ಕೂರಿಸಿರುವುದೂ, ಬೋರ್ಡನ್ನು ಕೂರಿಸಿರುವುದೂ ಒಂದೇ ತಗಡಿನ ಪೆಟ್ಟಿಗೆಗೆ. ದಿನಾ ಆ ನಡುಕ. ಹಗುರವಾದ ಪಾರ್ಟುಗಳು ನಡುಕಕ್ಕೆ ಜಗ್ಗುವುದಿಲ್ಲ. ಭಾರದವು, ಅಂದರೆ ಸಿ.ಟಿ. ಕಾಯಿಲು, ರಿಲೇ, ಪುಟ್ಟ ಟ್ರಾನ್ಸ್‌ಫಾರ್ಮರು, ಇವುಗಳ ಕಾಲಲ್ಲೇ ಬೆಸುಗೆ ಸೀಳುವುದು. ಯಾವ ಬೋರ್ಡು ಬಿಚ್ಚಿದರೂ ಮೊದಲು ಭಾರದ ಪಾರ್ಟಿನ ಕಾಲು ನೋಡಬೇಕಾದ್ದು ಅದಕ್ಕೇ.

ವೋಲ್ಟೇಜು ಅಂದ ಕೂಡಲೇ ಅಣ್ಣ ಕರೆಂಟಿನವರನ್ನು ಬಯ್ಯಲು ಶುರು ಮಾಡಿದ. ಕರೆಂಟಿನ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಬಯ್ಯುವ ಹಕ್ಕಿದೆ, ಯಾಕೆಂದರೆ ನಾವು ಹಳೇ ಗಿರಾಕಿಗಳು. ಶಿವನಸಮುದ್ರದಿಂದ 90ಕ್ಕೂ ಹೆಚ್ಚು ಮೈಲಿ ತಂತಿ ಎಳೆದು ಕೆ.ಜಿ.ಎಫ್. ಚಿನ್ನದ ಗಣಿಗೆ ಕರೆಂಟು ತಂದಿದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಗಣಿಗೆ ಅಷ್ಟು ಬೇಗ ಬಂದ ಕರೆಂಟು ನಮ್ಮ ಹೊಲಗಳಿಗೆ ಬರುವಾಗ ಮಾತ್ರ ಬಹಳ ನಿಧಾನಿಸಿತು ಅನ್ನುವುದು ಬೇರೆ ಮಾತು.

"ಬಯ್ಯೋದು ಆಮೇಲೆ ಬಯ್ಯೋಣ. ಮೊದ್ಲು ನಿನ್ನ ಶೆಡ್ ನೋಡೋಣ ಬಾ" ಅಂದೆ.

ಲೈನಿನಿಂದ ಮೇನಿಗೆ ಬರುವ ಕಡೆ ಮೂರು ಫೇಸಿನಲ್ಲೂ ವೋಲ್ಟೇಜು ನೆಟ್ಟಗಿತ್ತು. ಮೇನ್ ದಾಟಿ ಸ್ಟಾರ್ಟರಿಗೆ ಹೋಗುವ ಕಡೆ, ಮೋಟರು ಎಳೆಯುವ ಹೊತ್ತಿಗೆ, ಒಂದು ಫೇಸು ಕುಸಿಯುತ್ತಿತ್ತು. ನಡುವೆ ಇದ್ದದ್ದು ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಎಳೆದು ನೋಡಿದರೆ ಅದರ ಹಿತ್ತಾಳೆ ನಾಲಿಗೆ ಸುಟ್ಟು ಕರಿ ಹಿಡಿದಿದೆ, ಹಿಡಿತ ಸಡಿಲವಾಗಿದೆ, ಫ್ಯೂಸ್ ವೈರಿನ ಜಾಗದಲ್ಲಿ ಯಾವುದೋ ಅಲ್ಯೂಮಿನಿಯಂ ತಂತಿ ಸುತ್ತಿದೆ. ಕಾಂಟ್ಯಾಕ್ಟರಿನ ಕಾಯಿಲಿಗೆ ಕರೆಂಟು ಹೋಗುತ್ತಿದ್ದದ್ದು ಆ ಫೇಸಿನಿಂದಲೇ. ಲೈನ್‌ಮನ್ ಬಚಾವಾದ.

"ಈ ತಂತಿ ಯಾರು ಸುತ್ತಿದ್ದು?"

ಅಣ್ಣ ಮಾತಾಡಲಿಲ್ಲ. ಅತ್ತಿಗೆ ಮಾತಾಡಿದರು. "ಇನ್ಯಾರು, ಇವ್ರೇ. ಫ್ಯೂಸ್ ವೈರ್ ತರೋಕೆ ಅಂಗಡೀಗ್ ಹೋಗೋಕೆ ಬೇಜಾರು. ಬಟ್ಟೆ ಒಣಾಕೋ ತಂತೀಲಿ ಒಂದು ತುಂಡು ಮುರ್ಕಂಡು ಹೋದ್ರು."

ಫ್ಯೂಸು ಬದಲಾಯಿತು, ಕಾಂಟ್ಯಾಕ್ಟರು ದಬ್ ಅಂದಿತು, ಅಮ್ಮ ದೃಷ್ಟಿಯನ್ನೂ ತೆಗೆದರು. ಯಾವುದರಿಂದ ಸರಿಯಾಯಿತು ಅಂತ ಅವರ ಮನೆಯಲ್ಲಿ ಇನ್ನೂ ಎರಡು ಪಕ್ಷ ಇದೆ.

ಇದಾದ ಮೇಲೆ ಬೇಲಿಯ ಆ ಕಡೆಯಿಂದ ಸಾಮಾನು ಬರುವುದು ಜಾಸ್ತಿಯಾಯಿತು. ಅಣ್ಣನ ಹುಳುಮನೆಯ ಹೀಟರಿನ ಬೋರ್ಡು ಬಂತು. ರೇಷ್ಮೆ ಹುಳುವಿಗೆ ಸುಮಾರು 24ರಿಂದ 28 ಡಿಗ್ರಿ ಶಾಖ, ಗಾಳಿಯಲ್ಲಿ ಒಳ್ಳೆಯ ತೇವ ಬೇಕು. ಅದನ್ನು ಕಾಯಲು ಒಂದು ಪುಟ್ಟ ಕಂಟ್ರೋಲರು ಗೋಡೆಗೆ ಹಾಕಿದ್ದ. ಬಿಚ್ಚಿದರೆ ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಕಿಲುಬು. ಪ್ರತಿ ಬೆಳೆಗೂ ಮುಂಚೆ ಹುಳುಮನೆಗೆ ಬ್ಲೀಚಿಂಗ್ ಪೌಡರಿನ ನೀರು ಹೊಡೆದು ರೋಗ ಕಳೆಯುತ್ತಾರೆ. ಹುಳದ ರೋಗಕ್ಕೆ ಅದು ಮದ್ದು, ತಾಮ್ರಕ್ಕೆ ವಿಷ. ತೇವವೂ ಸೇರಿದರೆ ಗೆರೆ ತಿಂದು ಹಾಕುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷು, ಐಸೊಪ್ರೊಪೈಲ್ ಆಲ್ಕೋಹಾಲು ಹಿಡಿದು ತೊಳೆದು, ತುಂಡಾದ ಗೆರೆಗೆ ಸಣ್ಣ ತಂತಿಯ ಸೇತುವೆ ಕಟ್ಟಿ, ಒಣಗಿಸಿ, ಮೇಲೊಂದು ವಾರ್ನಿಷ್ ಬಳಿದೆ. ಜೊತೆಗೆ ಒಂದು ಮಾತು ಹೇಳಿದೆ: "ಸೆನ್ಸಾರ್ ಒಂದೇ ಒಳಗಿರಲಿ. ಡಬ್ಬ ಗೋಡೆಯಿಂದ ಆಚೆಗೆ ಹಾಕು." ಕೊಂದವನನ್ನು ಹಿಡಿಯುವುದೆಂದರೆ ಇಲ್ಲಿ ಡಬ್ಬದ ಜಾಗ ಬದಲಾಯಿಸುವುದು, ಅಷ್ಟೇ.

ಆಮೇಲೆ ಅತ್ತಿಗೆಯ ಟಿ.ವಿ. ಹಾಕಿದ ತಕ್ಷಣ ಮನೆಯ ಫ್ಯೂಸೇ ಹಾರುತ್ತಿತ್ತು. ಇಂಥದ್ದಕ್ಕೆ ಹಳೇ ರಿಪೇರಿಯವರ ಬ್ರಹ್ಮಾಸ್ತ್ರ ಸೀರೀಸ್ ಬಲ್ಬು. ನೂರು ವಾಟಿನ ಹಳೇ ತಂತಿ ಬಲ್ಬಿನ ಮೂಲಕ ಸೆಟ್ಟಿಗೆ ಕರೆಂಟು ಕೊಡುವುದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಸುಡದೆ ಉಳಿಯುತ್ತದೆ. ಸರಿಯಿದ್ದರೆ ಒಂದು ಸಲ ಮಿಂಚಿ ಮಂಕಾಗುತ್ತದೆ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಹಳೇ ಬಲ್ಬು ಇದ್ದವರು ಬಿಸಾಡಬೇಡಿ. ನಮ್ಮ ಬಲ್ಬು ಝಗ್ಗೆಂದಿತು. ಹುಡುಕಿದರೆ ಬ್ರಿಡ್ಜ್ ರೆಕ್ಟಿಫಯರಿನ ಒಂದು ಡಯೋಡು ಶಾರ್ಟ್. ಮೀಟರಿನ ಡಯೋಡ್ ಜಾಗದಲ್ಲಿ 0.5 ಮೇಲೆ ತೋರಿಸಬೇಕಾದದ್ದು ಸೊನ್ನೆ ತೋರಿಸುತ್ತಿತ್ತು. ಪ್ಲಗ್ ತೆಗೆದ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಕೂತಿರಬಹುದು, ಅದನ್ನು ಖಾಲಿ ಮಾಡದೆ ಯಾರೂ ಕೈಯಿಡಬೇಡಿ. ಯೂಟ್ಯೂಬಿನ ಹುಡುಗರು ಇದನ್ನು ಹೇಳುವುದಕ್ಕೆ ಮುಂಚೆ ಲೈಕ್ ಒತ್ತಿ ಅನ್ನುತ್ತಾರೆ.

ಅಣ್ಣನ ಅಕ್ಕನ ಮಗ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಒಂದು ಭಾನುವಾರ ಅವನೂ ಬೇಲಿಗೆ ಬಂದ. "ಸಾರ್, ನಮ್ಮಲ್ಲಿ ಬೋರ್ಡ್ ನೋಡೋದು ಮನುಷ್ಯರಲ್ಲ, ಕ್ಯಾಮರಾ. ಚಿಪ್ ಅಡೀಲಿರೋ ಬೆಸುಗೆಗೆ ಎಕ್ಸ್‌ರೇ ಇದೆ. ಬೆಸುಗೆ ಒಲೆಯಲ್ಲಿ 240 ಡಿಗ್ರಿ ಶಾಖ" ಅಂದ. ನಿಜ. ಈಗಿನ ಕಾರ್ಖಾನೆಗಳ ಸೀಸವಿಲ್ಲದ ಬೆಸುಗೆ ಕರಗುವುದೇ ಸುಮಾರು 217 ಡಿಗ್ರಿಗೆ. ನನ್ನ ಹಳೇ ತವರ-ಸೀಸದ ಸುರುಳಿ 183ಕ್ಕೇ ನೀರಾಗುತ್ತದೆ.

ವೇಮಗಲ್ಲಿನ ಸುತ್ತ ಈಗ ಕೈಗಾರಿಕಾ ಪ್ರದೇಶ. ಪಕ್ಕದ ನರಸಾಪುರದಲ್ಲಿ ಐಫೋನು ಜೋಡಿಸುತ್ತಾರೆ, ಆ ಕಾರ್ಖಾನೆ 2023ರಲ್ಲಿ ವಿಸ್ಟ್ರಾನ್ ಕೈಯಿಂದ ಟಾಟಾ ಕೈಗೆ ಬಂತು. ಇಷ್ಟಾದರೂ ನನಗೊಂದು ಕಂಡೆನ್ಸರು ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಬಸ್ಸು ಹತ್ತಬೇಕು. ಐಫೋನು ಹುಟ್ಟುವ ಊರಿನ ಪಕ್ಕದಲ್ಲೇ, ನೀರಿಗೆ ಬಿದ್ದ ಮೊಬೈಲನ್ನು ಇನ್ನೂ ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆ. ಅಕ್ಕಿಯಲ್ಲಿಡಬೇಡಿ, ಪುಡಿ ಒಳಗೆ ಸೇರುತ್ತದೆ ಎಂದು 2024ರಲ್ಲಿ ಆಪಲ್‌ನವರೇ ಹೇಳಿದ್ದಾರೆ. ಮೊಬೈಲಿಗೆ ಮಾಡಬೇಕಾದ್ದು ತಕ್ಷಣ ಆಫ್ ಮಾಡುವುದು, ಚಾರ್ಜಿಗೆ ಹಾಕದೆ ಇರುವುದು, ಕಿಲುಬು ಏಳುವುದಕ್ಕೆ ಮುಂಚೆ ಬಿಚ್ಚಿ ತೊಳೆಯಬಲ್ಲವನ ಕೈಗೆ ಕೊಡುವುದು.

"ಎಲ್ಲಾನೂ ರಿಪೇರಿ ಆಯ್ತದಾ ಮೇಷ್ಟ್ರೇ?" ಅಂತ ಅಣ್ಣ ಕೇಳಿದ.

ಆಗುವುದಿಲ್ಲ. ಪ್ರೋಗ್ರಾಂ ತುಂಬಿದ ಚಿಪ್ಪು ಸತ್ತರೆ ಅಂಗಡಿಯಲ್ಲಿ ಸಿಗುವ ಖಾಲಿ ಚಿಪ್ಪಿನಿಂದ ಪ್ರಯೋಜನವಿಲ್ಲ. ಒಳಪದರ ಸುಟ್ಟು ಕರಿಕಟ್ಟಿದ ಬೋರ್ಡಿಗೆ ಬೆಸುಗೆ ಹಾಕುವುದು ದುಡ್ಡು ದಂಡ. ಇನ್ನು ಕೆಲವು ಕಂಪನಿಗಳು ಬೋರ್ಡಿನ ಮೇಲೆ ಕರಿ ಎಪಾಕ್ಸಿ ಸುರಿದು ಮುಚ್ಚಿರುತ್ತವೆ. ತೇವಕ್ಕೆ ಒಳ್ಳೆಯದು ಅನ್ನುವುದು ಒಪ್ಪತಕ್ಕದ್ದೇ. ಐ.ಸಿ. ಮೇಲಿನ ನಂಬರನ್ನು ಉಜ್ಜಿ ಅಳಿಸುತ್ತಾರಲ್ಲ, ಅದು ಯಾವ ತೇವಕ್ಕೆ? ರೈತನ ದುಡ್ಡು, ರೈತನ ಸ್ಟಾರ್ಟರು, ಒಳಗೆ ಏನಿದೆ ಅಂತ ಮಾತ್ರ ರೈತ ನೋಡಬಾರದು. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ಗ್ರಾಹಕರ ದಿನದಂದು, ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ಶುರು ಮಾಡಿತು. ಅದು ಆರಿಸಿಕೊಂಡ ವಿಭಾಗಗಳಲ್ಲಿ ಮೊಬೈಲು, ವಾಹನ, ಮನೆಬಳಕೆ ಸಾಮಾನಿನ ಜೊತೆ ಕೃಷಿ ಉಪಕರಣವೂ ಇದೆ. ಹಕ್ಕು ಸರ್ಕಾರ ಕೊಡಬಹುದು, ಸರ್ಕ್ಯೂಟಿನ ನಕ್ಷೆಯನ್ನು ಕಂಪನಿಯವರು ಕೊಡಬೇಕು. ಹಿಂದೆ ರೇಡಿಯೋ ಹಿಂದಿನ ಅಟ್ಟೆಗೇ ನಕ್ಷೆ ಅಂಟಿಸಿ ಕೊಡುತ್ತಿದ್ದರು.

ನಿಜವಾಗಿ ಸತ್ತ ಬೋರ್ಡನ್ನೂ ತಿಪ್ಪೆಗೆ ಎಸೆಯಬೇಡಿ, ತಾಮ್ರದ ಆಸೆಗೆ ಸುಡಲೂ ಬೇಡಿ. ಅದರಲ್ಲಿ ಸೀಸ ಇರುತ್ತದೆ, ಹೊಗೆ ಒಳ್ಳೆಯದಲ್ಲ. ರಿಪೇರಿಯವನಿಗೆ ಕೊಟ್ಟರೆ ಅದರ ರಿಲೇ, ಕಾಯಿಲು ಕಿತ್ತು ಇನ್ನೊಂದು ಬೋರ್ಡು ಬದುಕಿಸುತ್ತಾನೆ. ಮಿಕ್ಕಿದ್ದು ಇ-ತ್ಯಾಜ್ಯದವರಿಗೆ ಹೋಗಲಿ.

ಕೊನೆಗೆ ಒಂದು ಮಾತು, ವೇಮಗಲ್ಲಿನವರಿಗೂ ಆಚೆಯವರಿಗೂ. ಇನ್ನು ಮುಂದೆ ಯಾರಾದರೂ "ಬೋರ್ಡು ಹೋಗಿದೆ" ಅಂದರೆ ಎರಡು ಪ್ರಶ್ನೆ ಕೇಳಿ: ಯಾವ ಪಾರ್ಟು ಹೋಗಿದೆ? ಯಾಕೆ ಹೋಯಿತು? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಹಳೇ ಬೋರ್ಡೇ ಉಳಿಯಬಹುದು. ಎರಡನೆಯದಕ್ಕೆ ಉತ್ತರ ಸಿಗುವವರೆಗೆ ಹೊಸ ಬೋರ್ಡಿಗೆ ದುಡ್ಡು ಕೊಡಬೇಡಿ. ಹಳೆಯದನ್ನು ಕೊಂದವನು ಶೆಡ್ಡಿನಲ್ಲೇ ಇದ್ದರೆ ಹೊಸದನ್ನೂ ಬಿಡುವುದಿಲ್ಲ.